ಮೋಟಾರಿನಿಂದ ಎಳೆದದ್ದು ನನ್ನ ಅಣ್ಣನನ್ನು

ಸಾಯುವವರೆಗೂ ನನ್ನ ಅಣ್ಣ ಬಲಗೈಯನ್ನು ಭುಜಕ್ಕಿಂತ ಮೇಲೆ ಎತ್ತಲಿಲ್ಲ. ನೋಡಿದವರು, ಮಗ್ಗದಲ್ಲಿ ಕೂತು ಕೂತು ಹಾಗಾಗಿರಬೇಕು ಎಂದುಕೊಳ್ಳುತ್ತಿದ್ದರು. ಮಗ್ಗ ಮಾಡಿದ್ದಲ್ಲ ಅದು. ಒಬ್ಬ ಫೌಜದಾರ ಮತ್ತು ಇಬ್ಬರು ಪೊಲೀಸರು ಹಾಡಹಗಲಿನಲ್ಲಿ, ಒಂದು ಮೋಟಾರು ತುಂಬ ಜನರ ಎದುರಿಗೆ ಮಾಡಿದ್ದು. ಆ ಜನರಲ್ಲಿ ನಾನೂ ಒಬ್ಬಳು. ಅಣ್ಣನ ಪಕ್ಕದಲ್ಲೇ ಕೂತಿದ್ದೆ. ನನ್ನ ಜಾಗ ಉಳಿಸಲಿಕ್ಕೆಂದೇ ಅವನು ಅಷ್ಟೆಲ್ಲ ಅನುಭವಿಸಿದ. ಆದ್ದರಿಂದ ಇದನ್ನು ಬರೆಯುವ ಹೊಣೆಯೂ ನನ್ನದೇ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಅಣ್ಣ ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಮದುವೆಯಾದ ವರ್ಷದೊಳಗೇ ನನ್ನ ಗಂಡ ತೀರಿಕೊಂಡಾಗ, ನನ್ನನ್ನು ಮೂಲೆಯಲ್ಲಿ ಕೂರಿಸಬೇಕೆಂದವರ ಬಾಯಿ ಮುಚ್ಚಿಸಿ ಶಾಲೆಗೆ ಕಳಿಸಿದವನು ಅವನೇ. ಜೋರಾಗಿ ಮಾತಾಡುವ ಮನುಷ್ಯನಲ್ಲ. ಹಿರಿಯರ ಮುಂದೆ ತಲೆ ತಗ್ಗಿಸಿ ನಿಂತು, "ಆಕಿ ಸಾಲಿಗೆ ಹೊಕ್ಕಾಳ" ಎಂದಷ್ಟೇ ಹೇಳಿ, ಮರುದಿನ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿದ್ದ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಿಣಿಯಾಗಿ ಹೋದೆ.

ಆಗಿನ್ನೂ ಸ್ವಾತಂತ್ರ್ಯ ಹೊಸದು. ಅದಕ್ಕೂ ಮುಂಚೆ ಲಕ್ಷ್ಮೇಶ್ವರಕ್ಕೆ ಒಬ್ಬ ರಾಜ, ಶಿರಹಟ್ಟಿಗೆ ಇನ್ನೊಬ್ಬ ರಾಜ, ಗದಗ-ಬೆಟಗೇರಿಗೆ ಇಂಗ್ಲಿಷರು. ತವರಿಗೆ ಹೋಗಿ ಬರಲು ನಾನು ಮೂರು ರಾಜ್ಯ ದಾಟಬೇಕಿತ್ತು. ಸಂಸ್ಥಾನಗಳು ಹೋಗಿ ಎಲ್ಲವೂ ಮುಂಬೈ ಪ್ರಾಂತಕ್ಕೆ ಸೇರಿದ ಮೇಲೆ, ಇನ್ನೊಂದು ಹೆಜ್ಜೆ ಇಟ್ಟರೆ ಕನ್ನಡದವರೆಲ್ಲ ಒಂದಾಗುತ್ತೇವೆ ಎಂಬ ಮಾತು ಮನೆಮನೆಯಲ್ಲೂ ಇತ್ತು. ಶಾಲೆ ಬಿಟ್ಟ ಮೇಲೆ ನಾನು ಹುಡುಗಿಯರಿಗೆ ಏಕೀಕರಣದ ಘೋಷಣೆಗಳನ್ನು ಕಲಿಸುತ್ತಿದ್ದೆ, ಸಭೆಗಳಿಗೆ ಹೋಗುತ್ತಿದ್ದೆ. ನಮ್ಮ ಸರ್ಕಾರ, ನಮ್ಮ ಭಾಷೆಯ ಕಚೇರಿ, ನಮ್ಮವರೇ ಆದ ಅಧಿಕಾರಿಗಳು ಬಂದರೆ ಸಾಕು, ಉಳಿದದ್ದೆಲ್ಲ ತಾನೇ ಸರಿಹೋಗುತ್ತದೆ ಎಂದು ನಂಬಿದ್ದೆ.

ಆ ವರ್ಷ ಮಳೆಗಾಲದ ಕೊನೆಗೆ ನನಗೆ ವಿಷಮಜ್ವರ ಬಂತು. ಮೂರು ವಾರ ಹಾಸಿಗೆ ಹಿಡಿದೆ. ಜ್ವರ ಬಿಟ್ಟ ಸುದ್ದಿ ತಿಳಿದು, ನನ್ನನ್ನು ಬೆಟಗೇರಿಗೆ ಕರೆದುಕೊಂಡು ಹೋಗಲು ಅಣ್ಣ ಬಂದ. ಎದ್ದು ನಿಂತರೆ ನನ್ನ ಕಾಲು ನಡುಗುತ್ತಿದ್ದವು. ಅದನ್ನು ನೋಡಿ ಅವನು ಹಿಂದಿನ ದಿನವೇ ಮೋಟಾರಿನವರ ಕಡೆ ಹೋಗಿ, ಡ್ರೈವರನ ಹಿಂದಿನ ಸಾಲಿನಲ್ಲಿ ಎರಡು ಜಾಗಕ್ಕೆ ಟಿಕೀಟು ತಂದಿಟ್ಟ. ಮುಂದೆ ಕೂತರೆ ಕುಲುಕಾಟ ಕಡಿಮೆ ಎಂದು.

ಅದೊಂದು ಖಾಸಗಿ ಸರ್ವಿಸ್ ಮೋಟಾರು. ಬೆಳಿಗ್ಗೆ ಲಕ್ಷ್ಮೇಶ್ವರ ಬಿಟ್ಟು ಶಿರಹಟ್ಟಿ ಮುಟ್ಟುವುದರೊಳಗೆ ತುಂಬಿತು. ನಮ್ಮ ಎದುರಿಗೆ ಮುಂಡರಗಿಯ ಒಬ್ಬ ಅರಳೆ ವ್ಯಾಪಾರಿ, ಕೋಟು ಹಾಕಿಕೊಂಡು, ಇಂಗ್ಲಿಷ್ ಪೇಪರು ಓದುತ್ತ ಕೂತಿದ್ದ. ಅಣ್ಣನೊಂದಿಗೆ ನೂಲಿನ ಕೊರತೆಯ ಬಗ್ಗೆ ಚೆನ್ನಾಗಿಯೇ ಮಾತಾಡಿದ. ನನ್ನ ಕಾಲ ಬಳಿ ನೆಲದ ಮೇಲೆ ಬಾಳೆಹೊಸೂರಿನ ಒಬ್ಬ ಮುದುಕಿ, ಗದಗಿನ ಮಗಳ ಮನೆಗೆ ರೊಟ್ಟಿಯ ಗಂಟು ಕಟ್ಟಿಕೊಂಡು ಹೊರಟಿದ್ದಳು.

ಶಿರಹಟ್ಟಿಗೂ ಗದಗಿಗೂ ನಡುವೆ ಒಂದು ಊರಿನಲ್ಲಿ ಮೋಟಾರು ನಿಂತಿತು. ಆ ಊರಿನ ಹೆಸರು ನಾನು ಬರೆಯುವುದಿಲ್ಲ. ಅಲ್ಲಿಯ ಜನ ನಮಗೆ ಏನೂ ಮಾಡಿಲ್ಲ. ರಸ್ತೆ ಬದಿಗೆ ಫೌಜದಾರ ನಿಂತಿದ್ದ. ಜೊತೆಗೆ ಅವನ ಅತ್ತೆ, ಮಾವ, ಎರಡು ಟ್ರಂಕು. ಅವರು ಗದಗಿನಲ್ಲಿ ರೈಲು ಹಿಡಿಯಬೇಕಿತ್ತಂತೆ. ಕಂಡಕ್ಟರ ಒಳಗೆ ನೋಡಿದ. ಕೋಟಿನ ವ್ಯಾಪಾರಿಯನ್ನು ನೋಡಿ ಮುಂದೆ ಸರಿದ. ಅವನ ಕಣ್ಣು ಅಣ್ಣನ ಮಾಸಿದ ಅಂಗಿಯ ಮೇಲೆ ನಿಂತಿತು.

"ನೀವಿಬ್ಬರೂ ಏಳ್ರಿ. ಸಾಹೇಬರ ಮಂದಿ ಬಂದಾರ. ಸಂಜಿ ಮೋಟಾರಕ್ಕ ಬರ್ರಿ."

"ತಂಗಿಗೆ ಜ್ವರ ಬಿಟ್ಟು ನಾಕು ದಿನ ಆಗೈತ್ರಿ," ಅಣ್ಣ ಹೇಳಿದ. "ಟಿಕೀಟ ನಿನ್ನೇನ ತೊಗೊಂಡೀನಿ. ನಾವು ಏಳೂದಿಲ್ಲ."

ನಾನು ಅವನ ತೋಳು ಹಿಡಿದು, ನಿಂತು ಬರುತ್ತೇನೆ, ಬಿಡು ಎಂದೆ. ಅವನು ನನ್ನ ಕಡೆ ತಿರುಗಲಿಲ್ಲ. ಸುಮ್ಮನೆ ಕುಳಿತುಕೋ ಎಂದ. ಕಂಡಕ್ಟರ ಕೆಳಗಿಳಿದು ಏನೋ ಹೇಳಿದ. ಫೌಜದಾರ ಕಿಟಕಿಯ ಹತ್ತಿರ ಬಂದ. ಪರದೇಶದವನಲ್ಲ, ದೂರದ ಊರಿನವನೂ ಅಲ್ಲ, ನಮ್ಮ ಸೀಮೆಯವನೇ. ಅವನು ಆಡಿದ ಕನ್ನಡ ನಮ್ಮ ಮನೆಯ ಕನ್ನಡವೇ. ಇಳಿಯಲೇ ಎಂದ. ಅಣ್ಣ ಕೈ ಮುಗಿದ. ನಾನು ಅದನ್ನು ಇಂದಿಗೂ ಕಾಣುತ್ತೇನೆ, ಅವನು ಕೈ ಮುಗಿದೇ ಕೇಳಿದ.

"ನಂದೇನ ತಪ್ಪೈತಿ ಹೇಳ್ರಿ, ಸಾಹೇಬ್ರ. ತಪ್ಪಿದ್ರ ಇಳೀತೀನಿ."

ಫೌಜದಾರ ತನ್ನ ಪೊಲೀಸರಿಗೆ ಕೈಸನ್ನೆ ಮಾಡಿದ. ಅಣ್ಣ ಕೇಳಿದ್ದಕ್ಕೆ ಉತ್ತರ ಆ ದಿನವೂ ಬರಲಿಲ್ಲ, ಆಮೇಲೆ ಯಾವ ಕಚೇರಿಯಿಂದಲೂ ಬರಲಿಲ್ಲ.

ಇಬ್ಬರು ಪೊಲೀಸರು ಒಳಗೆ ಹತ್ತಿದರು. ಒಬ್ಬ ಅಂಗಿಯ ಕೊರಳಪಟ್ಟಿ ಹಿಡಿದ, ಇನ್ನೊಬ್ಬ ಬಲಗೈ. ಅಣ್ಣ ಎಡಗೈಯಿಂದ ಸೀಟಿನ ಕಬ್ಬಿಣದ ಸರಳನ್ನು ಬಿಗಿಯಾಗಿ ಹಿಡಿದುಕೊಂಡ. ಆ ಬೆರಳುಗಳ ಮೇಲೆ ದೊಣ್ಣೆಯಿಂದ ಹೊಡೆದರು. ಕೈ ಬಿಟ್ಟಿತು. ಬಲಗೈಯನ್ನು ಬೆನ್ನ ಹಿಂದಕ್ಕೆ ತಿರುವಿ ಮೇಲಕ್ಕೆ ಒತ್ತಿದರು. ಕಟಕ್ ಎಂದಿತು. ನನಗೆ ಕೇಳಿಸಿತು. ಕಿಟಕಿಯಲ್ಲಿ ನಿಂತಿದ್ದ ಫೌಜದಾರನಿಗೂ ಕೇಳಿಸಿರಲೇಬೇಕು. ಅಷ್ಟಾದ ಮೇಲೂ ಅದೇ ಕೈ ಹಿಡಿದು, ಜನರ ಕಾಲುಗಳ ನಡುವೆ ಅವನನ್ನು ಎಳೆದುಕೊಂಡು ಹೋಗಿ ಮೆಟ್ಟಿಲಿನಿಂದ ಕೆಳಗೆ ಬೀಳಿಸಿದರು. ನೆಲದ ಮೇಲೆ ಬಿದ್ದವನ ಮೊಣಕಾಲಿಗೆ ಮತ್ತೆ ಹೊಡೆದರು. ಅವನು ಎದುರಾಡುತ್ತಿರಲಿಲ್ಲ, ಓಡುತ್ತಿರಲಿಲ್ಲ. ಬಾಯಿ ತೆರೆದುಕೊಂಡು ಉಸಿರು ಹುಡುಕುತ್ತಿದ್ದ. ಇಷ್ಟೆಲ್ಲ ಮುಗಿದ ಮೇಲೆ ಫೌಜದಾರನಿಗೆ ಕಾಯದೆ ನೆನಪಾಯಿತು. ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದ್ದಕ್ಕೆ ಇವನನ್ನು ಹಿಡಿದಿದ್ದೇವೆ ಎಂದು ಜನರಿಗೆ ಕೇಳುವಂತೆ ಹೇಳಿದ. ಅತ್ತೆ-ಮಾವನನ್ನು ರೈಲಿಗೆ ಕಳಿಸುವುದು ಯಾವ ಸರ್ಕಾರದ ಕೆಲಸ?

ನಾನು ಇಳಿದೆ. ಫೌಜದಾರನ ಅತ್ತೆ-ಮಾವ ಹತ್ತಿದರು. ನಾನು ಬಿಟ್ಟೆದ್ದ ಜಾಗದಲ್ಲಿ ಆ ಹೆಂಗಸು ಸೀರೆಯ ಸೆರಗು ಸರಿಮಾಡಿಕೊಂಡು ಕೂತಳು. ಮುಂಡರಗಿಯ ವ್ಯಾಪಾರಿ ಪೇಪರು ಮಡಚಿ ಇನ್ನೊಂದು ಕಡೆಯ ಕಿಟಕಿಯಿಂದ ಹೊಲ ನೋಡತೊಡಗಿದ. ಬಾಳೆಹೊಸೂರಿನ ಮುದುಕಿಯೊಬ್ಬಳೇ ಮೋಟಾರು ಹೊರಡುವವರೆಗೂ ಪೊಲೀಸರಿಗೆ ಬಾಯಿಗೆ ಬಂದದ್ದು ಬೈದಳು. ಉಳಿದವರ ಮುಖದಲ್ಲಿ, ಸದ್ಯ ನಮ್ಮನ್ನು ಎಬ್ಬಿಸಲಿಲ್ಲವಲ್ಲ ಎಂಬ ಸಮಾಧಾನವಿತ್ತು. ನಾನು ಅದನ್ನು ಕಂಡೆ. ಮೋಟಾರು ಹೋಯಿತು.

ಅಣ್ಣನನ್ನು ಒಯ್ದ ಠಾಣೆಯ ಕಟ್ಟೆಯ ಮೇಲೆ ನಾನು ಆ ದಿನ ಪೂರ್ತಿ ಕೂತೆ. ಅಣ್ಣನಿಗೆ ಡಾಕ್ಟರನ್ನು ಕರೆಸಿರಿ ಎಂದು ಹವಾಲ್ದಾರನನ್ನು ಎಷ್ಟು ಸಲ ಬೇಡಿದೆನೋ. ನಾಟಕ ಮಾಡುತ್ತಾನೆ, ನಾಳೆ ಸರಿಹೋಗುತ್ತಾನೆ ಎಂದ. ಒಂದು ಕಾಗದ ಬರೆದು ಅದಕ್ಕೆ ಅಣ್ಣನ ಸಹಿ ಬೇಕೆಂದರು. ಅಣ್ಣನಿಗೆ ಓದು ಬರಹ ಬರುತ್ತಿತ್ತು, ದುಂಡಗೆ ಸಹಿ ಮಾಡುತ್ತಿದ್ದ. ಆದರೆ ಬಲಗೈ ಏಳಲಿಲ್ಲ. ಅವರೇ ಎಡಗೈ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡರು. ಮರುದಿನ ಮಧ್ಯಾಹ್ನ ಹಗ್ಗ ಕಟ್ಟಿ ಗದಗಿನ ಕೋರ್ಟಿಗೆ ತಂದರು. ಒಬ್ಬ ವಯಸ್ಸಾದ ವಕೀಲರು ಜಾಮೀನು ಮಾಡಿಸಿದರು. ದವಾಖಾನೆಗೆ ಹೋಗುವ ಹೊತ್ತಿಗೆ ತೋಳು ಕಪ್ಪಗಾಗಿ ಊದಿಕೊಂಡಿತ್ತು. ಡಾಕ್ಟರು ಕೀಲು ಕೂರಿಸಿದರು. ನಿನ್ನೆಯೇ ಬಂದಿದ್ದರೆ ಇಷ್ಟು ಕೆಡುತ್ತಿರಲಿಲ್ಲ, ಒಳಗಿನ ನರಕ್ಕೆ ಪೆಟ್ಟಾಗಿದೆ, ಕೈ ಮೊದಲಿನ ಹಾಗೆ ಆಗುವುದು ಕಷ್ಟ ಎಂದರು. ಬೆಟಗೇರಿಯಿಂದ ಬಂದಿದ್ದ ಅತ್ತಿಗೆ ಗೋಡೆ ಹಿಡಿದು ಕೂತಳು. ನಾನು ಅಳಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ನನಗೆ ಬೇರೇನೋ ಬಂದಿತ್ತು.

ವಕೀಲರು ಕೇಸಿನ ಕಾಗದಗಳನ್ನು ತರಿಸಿದರು. ಎಲ್ಲವೂ ಮರಾಠಿಯಲ್ಲಿದ್ದವು. ಹಿಂದೆ ಮರಾಠಿ ರಾಜರ ಊರಾಗಿದ್ದ ಲಕ್ಷ್ಮೇಶ್ವರದಲ್ಲಿ ಇದ್ದು ನನಗೆ ಮರಾಠಿ ಓದಲು ಬರುತ್ತಿತ್ತು. ಅಣ್ಣ ಕುಡಿದಿದ್ದನಂತೆ. ಮೋಟಾರಿನಲ್ಲಿದ್ದ ಹೆಂಗಸರಿಗೆ ಕೆಟ್ಟ ಮಾತಾಡಿದನಂತೆ. ಬುದ್ಧಿ ಹೇಳಲು ಬಂದ ಪೊಲೀಸನ ಮೇಲೆ ಕೈ ಮಾಡಿ, ಓಡಿಹೋಗುವಾಗ ಮೆಟ್ಟಿಲಿನಿಂದ ಜಾರಿ ಬಿದ್ದನಂತೆ. ಕೊನೆಗೆ, ಆರೋಪಿ ಅನಕ್ಷರಸ್ಥ, ಓದಿ ಹೇಳಿದ್ದನ್ನು ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾನೆ. ಚಹಾ ಕೂಡ ಕುಡಿಯದ ನನ್ನ ಅಣ್ಣನನ್ನು ಕುಡುಕನನ್ನಾಗಿ, ನನ್ನನ್ನು ಓದಿಸಿದವನನ್ನು ಅನಕ್ಷರಸ್ಥನನ್ನಾಗಿ ಒಂದು ಹಾಳೆಯಲ್ಲಿ ಮಾಡಿ ಮುಗಿಸಿದ್ದರು. ಬರೆದವನು ಕನ್ನಡದವನೇ ಎಂಬುದು ನನ್ನ ಎದೆ ಸುಟ್ಟಿತು.

ವಕೀಲರು ಶಾಂತ ಸ್ವಭಾವದವರು. ಒಂದು ದಪ್ಪ ಪುಸ್ತಕ ತೆಗೆದು ನಮಗೆ ಎರಡು ಮಾತು ತಿಳಿಸಿ ಹೇಳಿದರು. ಟಿಕೀಟು ಕೊಟ್ಟು ಕೂರಿಸಿದ ಪ್ರಯಾಣಿಕ ತಂಟೆ ಮಾಡದೆ ಇರುವಾಗ ಅವನನ್ನು ಸುಮ್ಮಸುಮ್ಮನೆ ಇಳಿಸಲು ಮೋಟಾರಿನವರಿಗೆ ಹಕ್ಕಿಲ್ಲ. ಇನ್ನೊಂದು, ಪೊಲೀಸರು ಯಾರನ್ನಾದರೂ ಹಿಡಿಯುವಾಗ, ಅವನು ತಪ್ಪಿಸಿಕೊಂಡು ಹೋಗದಂತೆ ತಡೆಯಲು ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು. ಇದು ಇಂಗ್ಲಿಷರ ಕಾಲದಿಂದ ಇರುವ ಕಾಯದೆ ಎಂದರು. ತಪ್ಪಿಸಿಕೊಂಡು ಹೋಗದಂತೆ! ನನ್ನ ಅಣ್ಣ ಎಲ್ಲಿಗೂ ಹೋಗುತ್ತಿರಲಿಲ್ಲ. ಕೂತಿದ್ದ. ಅಲ್ಲೇ ಕೂತಿರುತ್ತೇನೆ ಎಂಬುದೇ ಅವನ ಹಟವಾಗಿತ್ತು. ಇಷ್ಟು ವರ್ಷ ಪುಸ್ತಕದಲ್ಲಿ ಇಂಥ ಮಾತು ಇದ್ದರೂ, ಮಕ್ಕಳಿಗೆ ಪಾಠ ಹೇಳುವ ನನಗೇ ಗೊತ್ತಿರಲಿಲ್ಲ. ಗೊತ್ತಿದ್ದವರು ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ.

ಸಾಕ್ಷಿ ಬೇಕು ಎಂದರು ವಕೀಲರು. ಅತ್ತಿಗೆಯನ್ನು ಕರೆದುಕೊಂಡು ನಾನು ಮುಂಡರಗಿಗೆ ಹೋದೆ. ಆ ವ್ಯಾಪಾರಿಯ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ, ಊರಿನಲ್ಲಿ ದೊಡ್ಡ ಮನುಷ್ಯ. ನಮ್ಮನ್ನು ಗೌರವದಿಂದ ಕೂರಿಸಿದ. ಅಣ್ಣನ ಕೈ ಹೇಗಿದೆ ಎಂದು ಕೇಳಿದ. ಚಹಾ ತರಿಸಿದ. ಆಮೇಲೆ ಧ್ವನಿ ಇಳಿಸಿ ಹೇಳಿದ:

"ನೋಡವಾ, ನಾ ಎಲ್ಲಾ ನೋಡೀನಿ. ಅವ್ರು ಮಾಡಿದ್ದು ಖರೇನ ತಪ್ಪ. ಆದ್ರ ನಮ್ಮ ಅರಳಿ ಗಾಡಿ ದಿನಾ ಅದ ದಾರ್ಯಾಗ ಅಡ್ಡಾಡ್ತಾವ. ಫೌಜದಾರನ ಕೂಡ ಹಗೆ ಕಟಗೊಂಡ್ರ ನಂದು ನಡಿಯೂದಿಲ್ಲ."

ಅತ್ತಿಗೆ ಚಹಾ ಮುಟ್ಟದೆ ಎದ್ದಳು. ನನಗೆ ಫೌಜದಾರನಿಗಿಂತ ಈ ಮನುಷ್ಯನ ಮೇಲೆ ಹೆಚ್ಚು ಸಿಟ್ಟು ಬಂದಿತ್ತು, ಈಗಲೂ ಇದೆ. ಫೌಜದಾರನಿಗೆ ತಾನು ಮಾಡಿದ್ದು ತಪ್ಪು ಅನಿಸಿರಲಿಕ್ಕಿಲ್ಲ. ಇವನಿಗೆ ಅನಿಸಿತ್ತು. ಅನಿಸಿದ್ದನ್ನು ನಮಗೆ ಹೇಳಲು ಅವನಿಗೆ ನಾಚಿಕೆಯೂ ಆಗಲಿಲ್ಲ.

ಬಾಳೆಹೊಸೂರಿನ ಮುದುಕಿಯ ಹೆಸರು ಕೂಡ ನನಗೆ ತಿಳಿದಿರಲಿಲ್ಲ. ಶಾಲೆಗೆ ಸೂಟಿ ಇದ್ದ ದಿನ ಹೋಗಿ, ಮಗಳನ್ನು ಗದಗಿಗೆ ಕೊಟ್ಟವರು ಯಾರು ಎಂದು ಮನೆಮನೆ ಕೇಳಿದೆ. ಹೊಲದಲ್ಲಿ ಶೇಂಗಾ ಕೀಳುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು, ನಿಮ್ಮಣ್ಣ ಬದುಕಿದನೇನು ಎಂದು ಕೇಳಿದಳು. ಕೋರ್ಟಿಗೆ ಬರಬೇಕು ಎಂದೆ. ಪೊಲೀಸರು ಸಿಟ್ಟಾಗಬಹುದು ಎಂದೂ ಮುಚ್ಚಿಡದೆ ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಬರ್ತೀನಿ. ಕೋರ್ಟ ಎಲ್ಲೈತಿ ನಂಗ ಗೊತ್ತಿಲ್ಲ, ಅದೊಂದ ತೋರಸು."

ಕೇಸು ನಡೆಯುವುದರೊಳಗೆ ಬಹಳ ತಿಂಗಳು ಹೋದವು. ಪ್ರತಿ ತಾರೀಖಿಗೂ ಅವಳು ಬಂದಳು. ಮುಂದೂಡಿದಾಗಲೆಲ್ಲ ಗೊಣಗುತ್ತ ತಿರುಗಿ ಹೋದಳು, ಮತ್ತೆ ಬಂದಳು. ಕೊನೆಗೆ ಅವಳ ಸರದಿ ಬಂದಾಗ ಸರ್ಕಾರಿ ವಕೀಲರು, ನೀನು ನೆಲದ ಮೇಲೆ ಕೂತಿದ್ದವಳು, ಅಷ್ಟು ಗದ್ದಲದಲ್ಲಿ ನಿನಗೆ ಏನು ಕಾಣಿಸಿತು ಎಂದು ಕೇಳಿದರು.

"ಕೆಳಗ ಕುಂತಿದ್ದಕ್ಕ ಛಲೋ ಕಾಣಸ್ತರಿ," ಎಂದಳು. "ಆತನ ಮಾರಿ ನನ್ನ ಮುಂದನ ಬಂದು ಬಿತ್ತು. ಇವರ ಬೂಟ ಅದರ ಬಾಜೂಕ ಇದ್ವು."

ಆಮೇಲೆ ನನ್ನ ಸರದಿ. ಆ ದಿನ ನಿಮಗೆ ಜ್ವರ ಇತ್ತಲ್ಲವೇ, ಜ್ವರದಲ್ಲಿ ಮನುಷ್ಯರಿಗೆ ಇಲ್ಲದ್ದು ಕಾಣಿಸುತ್ತದಲ್ಲವೇ ಎಂದು ಕೇಳಿದರು. ಜ್ವರ ಬಿಟ್ಟು ನಾಲ್ಕು ದಿನವಾಗಿತ್ತು ಎಂದೆ. ವಿಧವೆಯಾದ ನೀವು ಊರೂರು ತಿರುಗಿ ಸಾಕ್ಷಿ ಕೂಡಿಸಿದಿರಂತೆ ಎಂದರು. ಹೌದು, ತಿರುಗಿದೆ, ನೋಡಿದವರು ತಾವಾಗಿ ಬರಲಿಲ್ಲ, ಅದಕ್ಕೆ ತಿರುಗಿದೆ ಎಂದೆ. ಧ್ವನಿ ಏರಿತ್ತು. ನ್ಯಾಯಾಧೀಶರು ನಿಧಾನವಾಗಿ ಮಾತಾಡಲು ಹೇಳಿದರು.

ಅಣ್ಣ ಬಿಡುಗಡೆಯಾದ. ಪೊಲೀಸರ ಹೇಳಿಕೆ ಒಂದಕ್ಕೊಂದು ತಾಳೆಯಾಗುವುದಿಲ್ಲ, ಆರೋಪ ಸಿದ್ಧವಾಗಿಲ್ಲ ಎಂದು ತೀರ್ಪಾಯಿತು. ಕೈಯ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಜನ ಬಂದು ಗೆದ್ದಿರಿ ಎಂದರು. ಏನು ಗೆದ್ದದ್ದು? ಮಾಡದ ತಪ್ಪಿಗೆ ಜೈಲಿಗೆ ಹೋಗದೆ ಉಳಿದದ್ದು ಗೆಲುವೇ? ಮಾಡಿದವರಿಗೆ ಏನಾಯಿತು ಎಂದು ವಕೀಲರನ್ನು ಕೇಳಿದೆ. ಅಧಿಕಾರಿಯ ಮೇಲೆ ಕೇಸು ಹಾಕಬೇಕಾದರೆ ಸರ್ಕಾರದ ಒಪ್ಪಿಗೆ ಬೇಕಾಗುತ್ತದೆ, ಅದು ಸಿಗುವುದು ಬಹಳ ಕಷ್ಟ, ಬೇಕಾದರೆ ಅರ್ಜಿ ಬರೆಯಿರಿ ಎಂದರು. ನಾನು ಬರೆದೆ. ಕನ್ನಡದಲ್ಲಿ ಬರೆದೆ, ಒಂದಲ್ಲ, ಅನೇಕ. ಬಹಳ ದಿನಗಳ ಮೇಲೆ ಮರಾಠಿಯಲ್ಲಿ ಎರಡು ಸಾಲಿನ ಉತ್ತರ ಬಂತು. ವಿಚಾರಣೆ ನಡೆಸಲಾಗಿದೆ, ದೂರಿನಲ್ಲಿ ಹುರುಳಿಲ್ಲ. ಯಾರನ್ನು ವಿಚಾರಿಸಿದರು? ನನ್ನನ್ನು ಕೇಳಲಿಲ್ಲ, ಅಣ್ಣನನ್ನು ಕೇಳಲಿಲ್ಲ, ಡಾಕ್ಟರನ್ನು ಕೇಳಲಿಲ್ಲ.

ಮನೆಯಲ್ಲಿ ಮಗ್ಗ ನಿಲ್ಲಿಸುವಂತಿರಲಿಲ್ಲ. ಲಾಳಿ ಓಡಿಸುವ ಹಗ್ಗ ಎಳೆಯಲು ಅಣ್ಣನಿಗೆ ಆಗುತ್ತಿರಲಿಲ್ಲ. ಎರಡು ತಿಂಗಳು ಪ್ರಯತ್ನ ಮಾಡಿ, ಪ್ರತಿ ಸಲವೂ ಬೆವರಿ, ಬಿಟ್ಟ. ಅವನ ಬದಲು ಅತ್ತಿಗೆ ಮಗ್ಗದ ಕುಣಿಯಲ್ಲಿ ಇಳಿದು ನೇಯಲು ಕೂತಳು. ಅಣ್ಣ ಹೊರಗೆ ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತು ಎಡಗೈಯಿಂದ ತಿರುಗಿಸುತ್ತ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತತೊಡಗಿದ. ನಮ್ಮ ಓಣಿಯಲ್ಲಿ ಅದು ಹೆಂಗಸರು ಮಾಡುವ ಕೆಲಸ. ಯಾರೂ ಅವನೆದುರು ಏನೂ ಅನ್ನಲಿಲ್ಲ. ಆದರೂ ಬಾಗಿಲಿಗೆ ಯಾರಾದರೂ ಬಂದರೆ ಮೊದಮೊದಲು ಅವನು ಕೈ ನಿಲ್ಲಿಸುತ್ತಿದ್ದ.

ಕೆಲವು ವರ್ಷಗಳಲ್ಲಿ ಕನ್ನಡದ ರಾಜ್ಯ ಬಂತು. ಗದಗಿನಲ್ಲಿ ದೊಡ್ಡ ಮೆರವಣಿಗೆ. ನಾನು ಹುಡುಗಿಯರನ್ನು ಕರೆದುಕೊಂಡು ಲಕ್ಷ್ಮೇಶ್ವರದಿಂದ ಬಂದಿದ್ದೆ. ಅಷ್ಟು ಜನ, ಅಷ್ಟು ಸಂತೋಷ ನಾನು ಎಂದೂ ನೋಡಿರಲಿಲ್ಲ. ಮುದುಕರು ಅಳುತ್ತಿದ್ದರು. ನಾನೂ ಹುಡುಗಿಯರ ಜೊತೆ ಘೋಷಣೆ ಕೂಗುತ್ತಿದ್ದೆ. ಆಗ ಮೆರವಣಿಗೆಯ ಮುಂದೆ ದಾರಿ ಬಿಡಿಸುತ್ತ ಬಂದವನು ಆ ಫೌಜದಾರನೇ. ಮೇಲಿನ ಹುದ್ದೆಗೆ ಏರಿದ್ದ, ಹೆಗಲ ಮೇಲೆ ಹೊಸ ಪಟ್ಟಿ. ನನ್ನ ಎದುರಿಗೆ ನಿಂತು, ಮುಖ ನೋಡಿ, ಬಹಳ ಮರ್ಯಾದೆಯಿಂದ, "ಸ್ವಲ್ಪ ಸರೀರಿ ತಾಯಿ" ಎಂದ. ಅವನಿಗೆ ನನ್ನ ಗುರುತೇ ಸಿಗಲಿಲ್ಲ. ನಮ್ಮ ಮನೆಯನ್ನು ಮುರಿದು ಹಾಕಿದವನಿಗೆ ನಾವು ಯಾರೆಂಬುದು ನೆನಪಿಟ್ಟುಕೊಳ್ಳುವಷ್ಟೂ ದೊಡ್ಡ ಸಂಗತಿಯಾಗಿರಲಿಲ್ಲ. ನಾನು ಹುಡುಗಿಯರನ್ನು ಜೊತೆಗಿದ್ದ ಇನ್ನೊಬ್ಬ ಮಾಸ್ತರಿಣಿಗೆ ಒಪ್ಪಿಸಿ ನಡೆದು ಬೆಟಗೇರಿಗೆ ಹೋದೆ. ಘೋಷಣೆ ಬಹಳ ದೂರದವರೆಗೆ ಬೆನ್ನ ಹಿಂದೆ ಕೇಳಿಸುತ್ತಿತ್ತು. ನಾನೇ ಕಲಿಸಿದ ಘೋಷಣೆಗಳು. ಅವುಗಳ ಮೇಲೆ ನನಗೆ ಸಿಟ್ಟಿರಲಿಲ್ಲ. ಅವುಗಳ ಮುಂದೆ ಅವನು ನಡೆಯುತ್ತಿದ್ದಾನಲ್ಲ ಎಂಬುದಕ್ಕೆ ಮೈ ಉರಿಯುತ್ತಿತ್ತು.

ಅದೇ ವಾರ ಹೊಸ ಸರ್ಕಾರಕ್ಕೆ ಮತ್ತೊಂದು ಅರ್ಜಿ ಬರೆದೆ. ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಬರೆದು, ವೈದ್ಯರ ಕಾಗದದ ನಕಲು, ತೀರ್ಪಿನ ನಕಲು ಜೋಡಿಸಿದೆ. ಆ ಸಲ ಉತ್ತರ ಕನ್ನಡದಲ್ಲಿ ಬಂತು. ನನ್ನ ಜೀವಮಾನದಲ್ಲಿ ಸರ್ಕಾರದಿಂದ ಕನ್ನಡದಲ್ಲಿ ಬಂದ ಮೊದಲ ಪತ್ರ ಅದು. ಶಾಲೆಯ ಬಾಗಿಲಲ್ಲೇ ನಿಂತು ಒಡೆದೆ. ತಮ್ಮ ದೂರನ್ನು ಪರಿಶೀಲಿಸಲಾಗಿದೆ, ಅದರಲ್ಲಿ ಹುರುಳಿಲ್ಲವೆಂದು ಕಂಡುಬಂದಿದ್ದರಿಂದ ಮುಂದಿನ ಕ್ರಮಕ್ಕೆ ಅವಕಾಶವಿಲ್ಲ.

ಸೂಟಿಗೆ ಬೆಟಗೇರಿಗೆ ಹೋದಾಗ ಅದನ್ನು ಅಣ್ಣನಿಗೆ ಕೊಟ್ಟೆ. ರಾಟೆ ನಿಲ್ಲಿಸಿ ಎಡಗೈಯಲ್ಲಿ ಹಿಡಿದು ಎರಡು ಸಲ ಓದಿದ. ಆಮೇಲೆ ನಕ್ಕ. ಜೋರಾಗಿ ಅಲ್ಲ, ತನ್ನಷ್ಟಕ್ಕೆ.

"ಅಕ್ಷರ ಎಷ್ಟ ಚಂದ ಬರದಾನ ನೋಡು," ಎಂದ. "ಸಾಕು, ತಂಗಿ. ಇನ್ನ ಬರೀಬ್ಯಾಡ."

ನನಗೆ ಅವನ ಮೇಲೂ ಸಿಟ್ಟು ಬಂತು. ನಗಲಿಕ್ಕೆ ನಿನಗೆ ಹೇಗೆ ಮನಸ್ಸು ಬರುತ್ತದೆ ಎಂದು ಕೇಳಿದೆ. ಅವನು ಮತ್ತೆ ನೂಲು ಹಿಡಿದ. ಎರಡು ದಿನ ಅವನೊಂದಿಗೆ ಮಾತು ಬಿಟ್ಟೆ. ಮೂರನೆಯ ದಿನ ಅವನೇ ಬಂದು ಊಟಕ್ಕೆ ಕರೆದ. ಹೋಗಿ ಕೂತೆ. ಎಡಗೈಯಿಂದ ಅವನು ರೊಟ್ಟಿ ಮುರಿಯುವುದನ್ನು ನೋಡುತ್ತ ಉಂಡೆ. ಅವನಿಗೆ ಬಂದ ಆ ನಗು ನನಗೆ ಇಷ್ಟು ವರ್ಷವಾದರೂ ಬಂದಿಲ್ಲ. ಬರುವುದು ಬೇಡ. ಅವನು ಬರೆಯಬೇಡ ಎಂದ ಮೇಲೂ ನಾನು ಇನ್ನೂ ಮೂರು ಅರ್ಜಿ ಬರೆದೆ.